ಬ್ಯಾಟಿನ ಗಟ್ ಮೇಲೆ ಮಾರ್ಕಾ ಹೊಡೆಯುವುದು: ಯಾವ ಇಂಕ್, ಎಷ್ಟು ಇಂಕ್

ಟೆನಿಸ್ ಬ್ಯಾಟಿನ ಗಟ್ (ಬ್ಯಾಟಿಗೆ ಜಾಲರಿಯಂತೆ ಬಿಗಿದ ದಾರ) ಮೇಲೆ ಗುರುತು ಹೊಡೆಸಲು ಬರುವವರು ಮೊದಲು ಕೇಳುವುದು ಒಂದೇ ಮಾತು: "ಯಾವ ಕಂಪನಿ ಇಂಕ್ ಚಲೋ ಅದ?" ನಾನು ಉತ್ತರ ಕೊಡುವ ಮೊದಲು ಅವರ ಬ್ಯಾಟ್ ತೆಗೆದುಕೊಂಡು ಗಟ್ ಮುಟ್ಟಿ ನೋಡುತ್ತೇನೆ. ಇಂಕ್ ಆರಿಸಬೇಕಾದದ್ದು ಗಟ್ ನೋಡಿ, ಕಂಪನಿ ಆಮೇಲಿನ ಮಾತು. ಒಂದೇ ಬಾಟಲಿಯ ಇಂಕ್ ಒಂದು ಬ್ಯಾಟ್ ಮೇಲೆ ಗಟ್ ಹರಿಯುವ ತನಕ ನಿಲ್ಲುತ್ತದೆ. ಇನ್ನೊಂದರ ಮೇಲೆ ಎರಡು ಸೆಟ್ ಆಡುವಷ್ಟರಲ್ಲಿ ಚೆಂಡಿಗೆ ಅಂಟಿಕೊಂಡು ಹೋಗುತ್ತದೆ.

ನಾನು ಕಲಬುರಗಿಯಲ್ಲಿ, ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೆ ನಡೆದುಕೊಂಡು ಹೋಗುವಷ್ಟು ದೂರದಲ್ಲಿ, ಮನೆಯ ಮುಂದಿನ ಕೋಣೆಯಲ್ಲಿ ಗಟ್ಟಿಂಗ್, ಅಂದರೆ ಬ್ಯಾಟಿಗೆ ಗಟ್ ಬಿಗಿಯುವ ಕೆಲಸ, ಮಾಡುತ್ತೇನೆ. ಬರುವ ಬ್ಯಾಟ್‌ಗಳಲ್ಲಿ ಶಟಲ್ ಬ್ಯಾಟ್‌ಗಳೇ ಜಾಸ್ತಿ. ಟೆನಿಸ್ ಬ್ಯಾಟ್ ಕಮ್ಮಿ ಇತ್ತು. 2023ರಲ್ಲಿ ನಮ್ಮೂರಲ್ಲೇ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಶನ್) ಕಲಬುರಗಿ ಓಪನ್ ಟೂರ್ನಿ ನಡೆಯಿತಲ್ಲ, ರಾಮಕುಮಾರ್ ರಾಮನಾಥನ್ ಸಿಂಗಲ್ಸ್ ಗೆದ್ದರು. ಆ ಆಟ ನೋಡಿದ ಮಕ್ಕಳು ಬ್ಯಾಟ್ ಹಿಡಿದುಕೊಂಡು ಬರತೊಡಗಿದರು. "ಕಾಕಾ, ಗಟ್ ಮ್ಯಾಲ ಅವ್ರದು ಇತ್ತಲ್ರಿ, ಹಂಗೇ ನಂದಕ್ಕೂ ಹೊಡ್ದು ಕೊಡ್ರಿ." ಅಂದಿನಿಂದ ಈ ಕೆಲಸವನ್ನು ನಾನು ಗಮನವಿಟ್ಟು ಮಾಡುತ್ತಿದ್ದೇನೆ.

ಅಚ್ಚಿನ ಕೆಲಸ ನಮ್ಮ ಮನೆಗೆ ಹೊಸದಲ್ಲ. ನಮ್ಮಪ್ಪ ದಾಲ್ ಮಿಲ್ಲಿನಲ್ಲಿ ತೊಗರಿ ಬೇಳೆಯ ಚೀಲಗಳ ಮೇಲೆ ಮಾರ್ಕಾ ಹೊಡೆಯುತ್ತಿದ್ದರು. ತಗಡಿನ ಅಚ್ಚು, ಗಿಡ್ಡ ಕೂದಲಿನ ಬ್ರಶ್, ಒಂದು ಡಬ್ಬಿ ಬಣ್ಣ. ಬ್ರಶ್ ಅದ್ದಿದ ಮೇಲೆ ಡಬ್ಬಿಯ ಅಂಚಿಗೆ ಒರೆಸಿ ಒರೆಸಿ, ಬಹುತೇಕ ಒಣಗಿದಂತಾದ ಮೇಲೆಯೇ ಚೀಲಕ್ಕೆ ತಾಗಿಸುತ್ತಿದ್ದರು. ಸೆಣಬು ಬಣ್ಣ ಕುಡಿಯುತ್ತದೆ. ಆದರೂ ಅವರು ಅಷ್ಟು ಕಮ್ಮಿ ಬಳಸುತ್ತಿದ್ದರು. ಗಟ್ ಬಣ್ಣ ಕುಡಿಯುವುದೇ ಇಲ್ಲ, ಅಥವಾ ತೀರಾ ಕಮ್ಮಿ ಕುಡಿಯುತ್ತದೆ. ಹಾಗಾದರೆ ನಾವು ಇನ್ನೆಷ್ಟು ಕಮ್ಮಿ ಹಾಕಬೇಕು ಅಂತ ನೀವೇ ಲೆಕ್ಕ ಹಾಕಿ.

ಮೊದಲು ಗಟ್ ಯಾವುದು ಎಂದು ತಿಳಿದುಕೊಳ್ಳಿ

ನಮ್ಮ ಕಡೆ ಸಿಗುವ ಟೆನಿಸ್ ಗಟ್ ಹೆಚ್ಚಾಗಿ ಮೂರು ಬಗೆಯದು. ಮೊದಲನೆಯದು ನೈಲಾನಿನ ಸಿಂಥೆಟಿಕ್ ಗಟ್. ಹೊಸದಾಗಿ ಕಲಿಯುವವರಿಗೆ, ಮಕ್ಕಳಿಗೆ ಇದೇ ಹಾಕುವುದು. ಇದರ ಮೇಲೆ ಇಂಕ್ ಚೆನ್ನಾಗಿಯೇ ಕೂರುತ್ತದೆ. ಎರಡನೆಯದು ಮಲ್ಟಿಫಿಲಮೆಂಟ್. ತೆಳುವಾದ ನೂರಾರು ನಾರು ಸೇರಿಸಿ ಹೊಸೆದು, ಮೇಲೆ ಒಂದು ಪದರ ಹಚ್ಚಿರುತ್ತಾರೆ. ಹೊಸದಿದ್ದಾಗ ನುಣುಪು. ಆಡುತ್ತಾ ಆಡುತ್ತಾ ಮೇಲಿನ ಪದರ ಸವೆದು ನಾರು ಎದ್ದು ಬರುತ್ತದೆ. ಆ ನಾರಿಗೆ ಇಂಕ್ ಹಚ್ಚಿದರೆ ಒಳಗೆ ಹರಡಿ ಅಕ್ಷರದ ಅಂಚು ಕೆಡುತ್ತದೆ. ಅದಕ್ಕೇ ಮಲ್ಟಿ ಗಟ್ಟಿಗೆ ಗುರುತು ಹೊಡೆಯುವುದಾದರೆ ಗಟ್ಟಿಂಗ್ ಆದ ದಿನವೇ ಹೊಡೆದುಬಿಡಿ.

ಮೂರನೆಯದು ಪಾಲಿಯೆಸ್ಟರ್, ಎಲ್ಲರ ಬಾಯಲ್ಲಿ 'ಪಾಲಿ'. ಜೋರಾಗಿ ಹೊಡೆಯುವ ಹುಡುಗರು, ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ಉರುಳುವಂತೆ ತಿರುಗಿಸಿ ಹೊಡೆಯುವುದು) ಹುಚ್ಚಿರುವವರು ಇದನ್ನೇ ಕೇಳುತ್ತಾರೆ. ಗಾಜಿನ ಹಾಗೆ ನುಣ್ಣಗಿರುತ್ತದೆ. ಕೆಲವಕ್ಕೆ ಜಾರಲೆಂದೇ ಸಿಲಿಕೋನ್ ಲೇಪನವೂ ಇರುತ್ತದೆ. ಇಂಕಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಈ ಬರಹದ ಮುಕ್ಕಾಲು ಪಾಲು ಎಚ್ಚರಿಕೆ ಪಾಲಿ ಗಟ್ಟಿಗಾಗಿಯೇ.

ಇನ್ನು ಹಸುವಿನ ಕರುಳಿನಿಂದ ಮಾಡುವ ನ್ಯಾಚುರಲ್ ಗಟ್ ಇದೆ. ಪ್ರಾಣಿಯ ಕರುಳಿನಿಂದ ಟೆನಿಸ್ ಗಟ್ ಮಾಡುವುದನ್ನು ಫ್ರಾನ್ಸಿನ ಲಿಯೋನ್‌ನಲ್ಲಿ ಬಾಬೊಲಾ ಕಂಪನಿ 1875ರಲ್ಲಿ ಶುರು ಮಾಡಿತು. ಬೆಲೆ ಜಾಸ್ತಿ, ನಮ್ಮಲ್ಲಿ ಬರುವುದು ಅಪರೂಪ. ಬಂದರೆ ನೀರು ತಾಗಿಸಬೇಡಿ, ಸ್ಪಿರಿಟ್ ಹಚ್ಚಿ ಒರೆಸಬೇಡಿ. ಒಣ ಬಟ್ಟೆಯಿಂದ ಒರೆಸಿ, ಒಂದು ತೆಳು ಪದರ ಇಂಕ್ ಕೊಟ್ಟು ಬಿಟ್ಟುಬಿಡಿ.

ಗಟ್ಟಿಂಗ್ ಮಾಡಿದಾಗ ಕೊನೆಯಲ್ಲಿ ಒಂದಿಷ್ಟು ತುಂಡು ಉಳಿಯುತ್ತದೆ. ಅದನ್ನು ಎಸೆಯಬೇಡಿ. ಇಂಕ್ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ತುಂಡಿನ ಮೇಲೆ ಎರಡು ಬೆರಳಗಲ ಇಂಕ್ ಹಚ್ಚಿ, ಹದಿನೈದು ನಿಮಿಷ ಬಿಡಿ. ಆಮೇಲೆ ಹೆಬ್ಬೆರಳಿನಿಂದ ಒತ್ತಿ ಉಜ್ಜಿ. ಬಿಳಿ ಬಟ್ಟೆಯಿಂದಲೂ ಒಮ್ಮೆ ಉಜ್ಜಿ. ಕೊನೆಗೆ ತುಂಡನ್ನು ಬಗ್ಗಿಸಿ ನೋಡಿ. ಬೆರಳಿಗೆ ಬಣ್ಣ ಬಂದರೆ ಇನ್ನೂ ಒಣಗಿಲ್ಲ ಅಥವಾ ಹಿಡಿದಿಲ್ಲ. ಬಗ್ಗಿಸಿದಾಗ ಚಕ್ಕೆ ಎದ್ದರೆ ಆ ಇಂಕ್ ಆ ಗಟ್ಟಿಗೆ ಆಗುವುದಿಲ್ಲ. ಯಾರ ಮಾತನ್ನೂ ಕೇಳುವ ಅಗತ್ಯವಿಲ್ಲ, ಆ ತುಂಡೇ ಹೇಳುತ್ತದೆ. ನನ್ನ ಹತ್ತಿರ ಬರುವ ಹೊಸ ಗಟ್ ಪ್ರತಿಯೊಂದಕ್ಕೂ ಈ ಪರೀಕ್ಷೆ ಮಾಡಿ, ತುಂಡನ್ನು ನೋಟ್‌ಬುಕ್ಕಿಗೆ ಟೇಪ್ ಹಚ್ಚಿ ಇಡುತ್ತೇನೆ.

ಇಂಕ್

ಗಟ್ಟಿಗೆಂದೇ ಮಾಡಿದ ಇಂಕ್ ಸಣ್ಣ ಬಾಟಲಿಯಲ್ಲಿ ಬರುತ್ತದೆ, ಬಾಯಿಗೆ ಸ್ಪಂಜು ಇರುತ್ತದೆ. ಯೋನೆಕ್ಸ್, ವಿಲ್ಸನ್, ಬಾಬೊಲಾ, ಹೆಡ್ ಎಲ್ಲರೂ ಮಾಡುತ್ತಾರೆ. ಕಪ್ಪು, ಕೆಂಪು, ಬಿಳಿ ಸುಲಭವಾಗಿ ಸಿಗುತ್ತವೆ. ಇಲ್ಲಿ ಅಂಗಡಿಯಲ್ಲಿ ಯಾವಾಗಲೂ ಇರುವುದಿಲ್ಲ, ಹೈದರಾಬಾದ್ ಕಡೆ ಹೋಗುವವರ ಕೈಲಿ ತರಿಸಬಹುದು ಅಥವಾ ಆನ್‌ಲೈನಿನಲ್ಲಿ ತರಿಸಿಕೊಳ್ಳಬಹುದು. ಬೇಗ ಆರುವ ದ್ರಾವಕದಲ್ಲಿ ಬಣ್ಣ ಮತ್ತು ಹಿಡಿಸುವ ಅಂಟು ಕಲಸಿರುತ್ತಾರೆ. ದ್ರಾವಕ ಹಾರಿಹೋದ ಮೇಲೆ ತೆಳ್ಳಗಿನ, ಬಾಗುವ ಪದರ ಉಳಿಯುತ್ತದೆ. ಆ ಬಾಗುವ ಗುಣಕ್ಕಾಗಿಯೇ ಇದಕ್ಕೆ ದುಡ್ಡು ಕೊಡುವುದು. ಚೆಂಡು ಬಡಿದಾಗಲೆಲ್ಲ ಗಟ್ ಬಾಗುತ್ತದೆ, ಪಕ್ಕಕ್ಕೆ ಸರಿಯುತ್ತದೆ. ಗಡುಸಾದ ಬಣ್ಣ ಅದನ್ನು ತಾಳುವುದಿಲ್ಲ.

ಬಣ್ಣ ಆರಿಸುವಾಗ ಕೈಯಲ್ಲಿ ಹಿಡಿದು ನೋಡಬೇಡಿ, ದೂರದಿಂದ ನೋಡಿ. ಟೆನಿಸ್ ಕೋರ್ಟಿನ ಉದ್ದ 23.77 ಮೀಟರ್. ಆ ಕೊನೆಯಲ್ಲಿ ನಿಂತವನಿಗೆ ಕಾಣಬೇಕು. ಬಿಳಿ, ಹಳದಿ, ಬೆಳ್ಳಿ ಬಣ್ಣದ ಗಟ್ಟಿಗೆ ಕಪ್ಪಿಗಿಂತ ಒಳ್ಳೆಯದು ಬೇರೆ ಇಲ್ಲ. ಕೆಂಪೂ ಆಗುತ್ತದೆ, ಆದರೆ ಬಿಸಿಲಿಗೆ ಕೆಂಪು ಬೇಗ ಮಂಕಾಗುತ್ತದೆ ಎಂಬುದು ನನ್ನ ಅನುಭವ. ಕಪ್ಪು ಗಟ್ ಮೇಲೆ ಕೆಂಪು ಹೊಡೆಸಿಕೊಳ್ಳುವ ಆಸೆ ಹುಡುಗರಿಗೆ ಬಹಳ. ಹತ್ತಿರದಿಂದ ಚಂದ ಕಾಣುತ್ತದೆ, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಮಾಯ. ಕಪ್ಪು ಗಟ್ಟಿಗೆ ಬಿಳಿಯೇ ಸರಿ.

ಬಿಳಿ ಇಂಕಿಗೆ ಒಂದು ಬೇರೆ ಜೋಪಾನ ಬೇಕು. ಬಿಳಿ ಬಣ್ಣಕ್ಕೆ ಹಾಕುವ ಟೈಟಾನಿಯಂ ಡೈಆಕ್ಸೈಡ್ ಪುಡಿ ಭಾರ. ಬಾಟಲಿ ಸುಮ್ನೆ ಇಟ್ಟರೆ ತಳಕ್ಕೆ ಕೂತುಬಿಡುತ್ತದೆ. ಅಲ್ಲಾಡಿಸದೆ ಹಚ್ಚಿದರೆ ಮೇಲಿನ ತಿಳಿ ಮಾತ್ರ ಬರುತ್ತದೆ, ಹಾಲು ಚೆಲ್ಲಿ ಒರೆಸಿದಂಥ ಮಸುಕು ಗುರುತು ಬೀಳುತ್ತದೆ. ಮುಚ್ಚಳ ಗಟ್ಟಿ ಮಾಡಿ, ಬಾಟಲಿ ತಲೆಕೆಳಗು ಮಾಡಿ, ತಳದಲ್ಲಿ ಏನೂ ಅಂಟಿಲ್ಲ ಎಂದು ಕಾಣುವ ತನಕ ಅಲ್ಲಾಡಿಸಿ. ಒಂದು ಬ್ಯಾಟ್ ಮುಗಿಸಿ ಇನ್ನೊಂದು ಹಿಡಿಯುವ ಮೊದಲು ಮತ್ತೆ ಅಲ್ಲಾಡಿಸಿ. ಬಿಳಿಗೆ ಯಾವಾಗಲೂ ಎರಡು ಪದರ ಬೇಕಾಗುತ್ತದೆ.

ಗಟ್ ಇಂಕ್ ಸಿಗದಿದ್ದರೆ ಏನು ಬಳಸಬಹುದು? ತಿಳಿ ಬಣ್ಣದ ಗಟ್ ಮೇಲೆ ಸ್ಟೇಷನರಿ ಅಂಗಡಿಯ ಪರ್ಮನೆಂಟ್ ಮಾರ್ಕರ್ ಕೆಲವು ದಿನ ನಡೆಯುತ್ತದೆ. ಸ್ಪಿರಿಟ್ ಆಧಾರದ್ದು, ತೆಳುವಾಗಿ ಕೂರುತ್ತದೆ, ಎಳೆಗಳನ್ನು ಅಂಟಿಸುವುದಿಲ್ಲ. ಶಾಲೆಯ ಟೂರ್ನಿಗೆ ಸಾಕು. ಕಪ್ಪು ಗಟ್ಟಿಗೆ ಪೇಂಟ್ ಮಾರ್ಕರ್ ಆಗುತ್ತದೆ, ಅದೂ ತೆಳುವಾಗಿ.

ಇವುಗಳನ್ನು ಮಾತ್ರ ಹತ್ತಿರ ತರಬೇಡಿ. ರಬ್ಬರ್ ಸ್ಟ್ಯಾಂಪಿನ ಪ್ಯಾಡ್ ಇಂಕ್ ಕಾಗದ ಕುಡಿದರೆ ಮಾತ್ರ ಆರುತ್ತದೆ, ಗಟ್ ಮೇಲೆ ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ. ಉಗುರಿಗೆ ಹಚ್ಚುವ ನೇಲ್ ಪಾಲಿಶ್ ಗಡುಸಾಗಿ ಒಡೆಯುತ್ತದೆ. ಬಾಗಿಲು ಕಿಟಕಿಯ ಎನಾಮಲ್ ಪೇಂಟ್ ದಪ್ಪ, ಆರುವುದು ನಿಧಾನ. ಸ್ಪ್ರೇ ಡಬ್ಬಿ ಎಲ್ಲಕ್ಕಿಂತ ಕೆಟ್ಟದ್ದು. ಫ್ರೇಮಿಗೂ ಹಾರುತ್ತದೆ, ಎಳೆ ಎಳೆ ಕೂಡುವ ಜಾಗದಲ್ಲಿ ಹೋಗಿ ಅಂಟಾಗುತ್ತದೆ.

ಆ ಅಂಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬ್ಯಾಟಿನಲ್ಲಿ ಉದ್ದಕ್ಕೆ ಹೋಗುವುದು ಮೇನ್ ಎಳೆ, ಅಡ್ಡಕ್ಕೆ ಹೋಗುವುದು ಕ್ರಾಸ್. ಟಾಪ್‌ಸ್ಪಿನ್ ಹೊಡೆದಾಗ ಮೇನ್ ಎಳೆ ಪಕ್ಕಕ್ಕೆ ಜಾರಿ, ಚೆಂಡು ಬಿಡುವಷ್ಟರಲ್ಲಿ ಪಟ್ಟನೆ ತನ್ನ ಜಾಗಕ್ಕೆ ಮರಳುತ್ತದೆ. ಚೆಂಡಿಗೆ ಜಾಸ್ತಿ ತಿರುಗು ಸಿಗುವುದಕ್ಕೆ ಅದೂ ಒಂದು ಕಾರಣ. ಜನ ಪಾಲಿ ಗಟ್ ಹಾಕಿಸುವುದೇ ಆ ಜಾರುವಿಕೆಗಾಗಿ. ಇಂಕ್ ಜಾಸ್ತಿಯಾದರೆ ಅದು ಎಳೆಯ ಮೇಲೆ ನಿಲ್ಲುವುದಿಲ್ಲ, ಮೇನ್ ಮತ್ತು ಕ್ರಾಸ್ ತಾಗುವ ಸಂದಿಗೆ ಇಳಿದು ಅಲ್ಲೇ ಹೆಪ್ಪುಗಟ್ಟುತ್ತದೆ. ಆಟಗಾರ ಕೊಟ್ಟ ದುಡ್ಡು ಹಾಳು. ಇಂಕಿನ ತೂಕ ಲೆಕ್ಕಕ್ಕೇ ಬರುವುದಿಲ್ಲ, ಅದರ ಬಗ್ಗೆ ಯೋಚನೆ ಬೇಡ. ಸಂದಿ ಮಾತ್ರ ಸ್ವಚ್ಛವಾಗಿರಬೇಕು.

ಸ್ಟೆನ್ಸಿಲ್: ಕೊಳ್ಳುವುದು, ಕತ್ತರಿಸಿಕೊಳ್ಳುವುದು

ಕಂಪನಿಯ ಪ್ಲಾಸ್ಟಿಕ್ ಅಚ್ಚು ಸಿಕ್ಕರೆ ಕೊಳ್ಳಿ. ಟೆನಿಸ್ಸಿನದೂ ಶಟಲ್ಲಿನದೂ ಬೇರೆ ಬೇರೆ ಅಳತೆ, ನೋಡಿ ಕೊಳ್ಳಿ. ದೊಡ್ಡ ಆಟಗಾರರ ಬ್ಯಾಟ್ ಮೇಲೆ ಕಾಣುವ ಗುರುತುಗಳನ್ನು ಗಮನಿಸಿದ್ದೀರಾ? ವಿಲ್ಸನ್ನಿನ ಡಬ್ಲ್ಯೂ, ಬಾಬೊಲಾದ ಎರಡು ಪಟ್ಟಿ. ಎಲ್ಲವೂ ದಪ್ಪ ಗೆರೆಯ, ಸರಳ ಆಕಾರಗಳು. ಗಟ್ ಅಂದರೆ ಜಾಲರಿ, ಅದರ ಬಹುಪಾಲು ಖಾಲಿ ಜಾಗ. ತೆಳು ಗೆರೆ ಎರಡು ಎಳೆಗಳ ನಡುವೆ ಬಿದ್ದರೆ ಕಾಣುವುದೇ ಇಲ್ಲ.

ಮನೆಯಲ್ಲೇ ಕತ್ತರಿಸಲು ಓಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಅಥವಾ ದಪ್ಪನೆಯ ಪ್ಲಾಸ್ಟಿಕ್ ಫೈಲ್ ಕವರ್ ಸಾಕು. ನಮ್ಮೂರ ಸೂಪರ್ ಮಾರ್ಕೆಟ್ ಬಜಾರಿನ ಕಡೆಯ ಯಾವ ಸ್ಟೇಷನರಿ ಅಂಗಡಿಯಲ್ಲಾದರೂ ಸಿಗುತ್ತದೆ. ಹಳೆಯ ಎಕ್ಸ್‌ರೇ ಫಿಲ್ಮ್ ಇನ್ನೂ ಒಳ್ಳೆಯದು. ಬಾಗುತ್ತದೆ, ಹರಿಯುವುದಿಲ್ಲ, ಬ್ಲೇಡಿನಿಂದ ಅಂಚು ಚೊಕ್ಕ ಬರುತ್ತದೆ. ರಟ್ಟು ಬೇಡ, ಎರಡನೇ ಸಲಕ್ಕೆ ಅಂಚು ನೆನೆದು ಮೆತ್ತಗಾಗುತ್ತದೆ.

ಅಳತೆ ಹೀಗೆ ಇಟ್ಟುಕೊಳ್ಳಿ. ಸಾಮಾನ್ಯ ಬ್ಯಾಟಿನ ತಲೆ 100 ಚದರ ಇಂಚು, ಅಂದರೆ ಸುಮಾರು 645 ಚದರ ಸೆಂಟಿಮೀಟರ್. ಅದರಲ್ಲಿ 11-12 ಸೆಂಟಿಮೀಟರ್ ಎತ್ತರದ ಅಕ್ಷರ ಚೆನ್ನಾಗಿ ಕೂರುತ್ತದೆ. ಗೆರೆಯ ಅಗಲ ಕನಿಷ್ಠ ಎರಡು ಎಳೆಗಳನ್ನು ಮುಟ್ಟುವಷ್ಟಿರಲಿ. ನಡುಭಾಗದಲ್ಲಿ ಎಳೆಯಿಂದ ಎಳೆಗೆ ಸುಮಾರು ಒಂದು ಸೆಂಟಿಮೀಟರ್ ಇರುವುದರಿಂದ, ಎರಡು ಸೆಂಟಿಮೀಟರ್ ಗೆರೆ ಇಟ್ಟರೆ ಮೋಸವಿಲ್ಲ.

ಈಗ ಮಕ್ಕಳು ತಮ್ಮ ಹೆಸರಿನ ಮೊದಲ ಅಕ್ಷರವನ್ನು ಕನ್ನಡದಲ್ಲೇ ಕೇಳುತ್ತಾರೆ. ನನಗೆ ಇದು ಬಹಳ ಇಷ್ಟದ ಕೆಲಸ. ಇಂಗ್ಲಿಷಿನ ಡಬ್ಲ್ಯೂ ಎಲ್ಲರ ಬ್ಯಾಟ್ ಮೇಲೂ ಇರುತ್ತದೆ, ದಪ್ಪನೆಯ ಒಂದು 'ಗ' ಹೊಡೆದ ಬ್ಯಾಟ್ ಇಡೀ ಕೋರ್ಟಿನಲ್ಲಿ ಒಂದೇ ಇರುತ್ತದೆ. ಆದರೆ ನಮ್ಮ ಅಕ್ಷರಗಳು ದುಂಡಗೆ, ಅದಕ್ಕೆ ಕೆಲವು ಉಪಾಯ ಬೇಕು. 'ಠ'ದಂಥ ಹೊಟ್ಟೆ ಮುಚ್ಚಿದ ಅಕ್ಷರ ಕತ್ತರಿಸಿದರೆ ಒಳಗಿನ ತುಂಡು ಕಳಚಿ ಬೀಳುತ್ತದೆ. ಅದನ್ನು ಹಿಡಿದಿಡಲು ಎರಡು ಕಡೆ ಸಣ್ಣ ಸೇತುವೆಯಂತೆ ಪಟ್ಟಿ ಬಿಡಬೇಕು. ಸೇತುವೆಯನ್ನು ಎಳೆಗಳ ನಡುವಿನ ಖಾಲಿ ಜಾಗಕ್ಕೆ ಬರುವಂತೆ ಇಟ್ಟರೆ ಗುರುತಿನಲ್ಲಿ ಅದು ಕಾಣುವುದೇ ಇಲ್ಲ. ಇನ್ನು ತಲೆಕಟ್ಟು. ಅದನ್ನು ಸರಿಯಾಗಿ ಒಂದು ಕ್ರಾಸ್ ಎಳೆಯ ಮೇಲೆ ಕೂರಿಸಿ. ಎಳೆಯ ಉದ್ದಕ್ಕೂ ಬಣ್ಣ ಹಿಡಿದು ತಲೆಕಟ್ಟು ಗೀಟು ಎಳೆದಂತೆ ಬರುತ್ತದೆ. ಎರಡು ಕ್ರಾಸ್‌ಗಳ ನಡುವೆ ಬಿದ್ದರೆ ಬರೀ ಚುಕ್ಕೆ ಚುಕ್ಕೆ. ಒತ್ತಕ್ಷರ, ಗುಣಿತದ ಕೊಂಬು ಬೇಡ, ಅಷ್ಟು ಸಣ್ಣದನ್ನು ಜಾಲರಿ ಹಿಡಿಯುವುದಿಲ್ಲ. 'ಕೃ' ಬೇಕೆಂದವರಿಗೆ 'ಕ' ಹೊಡೆದು ಕೊಡಿ, ಮೊದಲೇ ಒಪ್ಪಿಸಿ.

ಹೊಡೆಯುವ ಕೆಲಸ

ಗಟ್ಟಿಂಗ್ ಮುಗಿದು ಬ್ಯಾಟನ್ನು ಮಷೀನಿನಿಂದ ಇಳಿಸಿದ ಮೇಲೆಯೇ ಗುರುತು ಹೊಡೆಯಿರಿ. ಮಷೀನಿನ ಮೇಲಿರುವಾಗಲೇ ಹೊಡೆಯುವವರಿದ್ದಾರೆ. ಇಂಕ್ ತೊಟ್ಟಿಕ್ಕಿ ಗಟ್ ಹಿಡಿದಿಡುವ ಕ್ಲ್ಯಾಂಪಿಗೆ ಹಿಡಿದರೆ ಮುಂದಿನ ಬ್ಯಾಟಿನ ಗಟ್ಟಿಗೂ ಮೆತ್ತುತ್ತದೆ, ಆ ತೊಂದರೆ ಯಾಕೆ?

ಇಳಿಸಿದ ಬ್ಯಾಟಿನ ಎಳೆಗಳನ್ನು ಬೆರಳಿನಿಂದ ನೇರ ಮಾಡಿ. ಈ ಹೆಜ್ಜೆಯನ್ನು ಬಿಡಲೇಬೇಡಿ. ಕ್ರಾಸ್ ಎಳೆಗಳು ಸ್ವಲ್ಪ ಅಲೆಯಲೆಯಾಗಿ ನಿಂತಿರುತ್ತವೆ. ಹಾಗೆಯೇ ಹೊಡೆದರೆ, ಆಮೇಲೆ ಎಳೆ ನೇರವಾದಾಗ ಅಕ್ಷರ ಮುರಿದಂತೆ ಕಾಣುತ್ತದೆ. ಆಮೇಲೆ ಬಿಳಿ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ (ಒಂದು ಬಗೆಯ ಸ್ಪಿರಿಟ್) ಸ್ವಲ್ಪ ಹಾಕಿ, ಹಿಂಡಿ, ಗುರುತು ಬೀಳುವ ಜಾಗವನ್ನಷ್ಟೇ ಎರಡೂ ಕಡೆ ಒರೆಸಿ. ಕೈಯ ಬೆವರು, ಎಣ್ಣೆ, ಲೇಪನದ ಜಿಡ್ಡು ಹೋಗಬೇಕು. ಪಾಲಿ ಗಟ್ ಆದರೆ ಬಟ್ಟೆಯ ಬೇರೆ ಮಡಿಕೆ ತೆಗೆದುಕೊಂಡು ಇನ್ನೊಮ್ಮೆ ಒರೆಸಿ. ಐದು ನಿಮಿಷ ಆರಲು ಬಿಡಿ. ಆಮೇಲೆ ಆ ಜಾಗವನ್ನು ಕೈಯಿಂದ ಮುಟ್ಟಬೇಡಿ.

ಮೇಜು ಸಮತಟ್ಟಾಗಿರಬೇಕು. ನನ್ನದು ಶಹಾಬಾದ್ ಪರಸಿ ಹಾಸಿದ ಕಟ್ಟೆ. ಅದು ಸುಣ್ಣದ ಕಲ್ಲು, ಇಂಕ್ ಬಿದ್ದರೆ ಕುಡಿದುಬಿಡುತ್ತದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ನಮ್ಮ ಭಾಗದ ಮನೆಗಳ ನೆಲವೆಲ್ಲ ಇದೇ ಕಲ್ಲು ತಾನೆ, ಹಾಗಾಗಿ ದಪ್ಪಗೆ ಪೇಪರ್ ಹಾಸಿಯೇ ಕೂರಿ. ಬ್ಯಾಟ್ ಮಲಗಿಸಿದರೆ ಫ್ರೇಮಿನ ದಪ್ಪದಿಂದಾಗಿ ಗಟ್ ಮೇಜಿಗಿಂತ ಒಂದು ಸೆಂಟಿಮೀಟರಿನಷ್ಟು ಮೇಲೆ ನಿಲ್ಲುತ್ತದೆ. ಕೆಳಗೆ ಏನೂ ತಾಗುವುದಿಲ್ಲ, ಅದು ಅನುಕೂಲ. ಗಟ್ಟಿಗೆ ತಾಗುವಂತೆ ಕೆಳಗೆ ರಟ್ಟು ಇಡಬೇಡಿ, ಇಂಕ್ ಹಿಂದಿನಿಂದ ಮೆತ್ತುತ್ತದೆ.

ಹಿಡಿ ನಿಮ್ಮ ಕಡೆ ಇರಲಿ. ಬ್ಯಾಟ್ ನಿಲ್ಲಿಸಿ ಹಿಡಿದಾಗ ಅಕ್ಷರ ನೆಟ್ಟಗೆ ಕಾಣಬೇಕು, ಹಾಗೆ ಅಚ್ಚು ಇಡಿ. ನಡುವಿನ ಎರಡು ಮೇನ್ ಎಳೆಗಳನ್ನು ನೋಡಿ ಎಡ ಬಲ ಸರಿಮಾಡಿ. ಅಚ್ಚಿನ ಮೇಲೆ ಪೆನ್ನಿನಿಂದ ನಡುಗೆರೆ ಎಳೆದಿಟ್ಟುಕೊಂಡರೆ ಪ್ರತಿ ಸಲ ಅಳೆಯುವುದು ತಪ್ಪುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ಪು ಎರಡು ಹಾಕಿ ಅಚ್ಚನ್ನು ಗಟ್ಟಿಗೆ ಹಿಡಿಸಿ. ಎಡಗೈ ಬೆರಳು ಅಗಲಿಸಿ, ಈಗ ಹಚ್ಚುತ್ತಿರುವ ಜಾಗದ ಪಕ್ಕದಲ್ಲೇ ಒತ್ತಿ ಹಿಡಿಯಿರಿ. ಗಟ್ ಮೇಲ್ಮೈ ಏರಿಳಿತ, ಒತ್ತದಿದ್ದರೆ ಅಚ್ಚಿನ ಕೆಳಗೆ ಇಂಕ್ ನುಗ್ಗುತ್ತದೆ.

ಬಾಟಲಿಯ ಸ್ಪಂಜನ್ನು ಮೊದಲು ಹಳೆ ಪೇಪರಿಗೆ ಒತ್ತಿ ಹಸಿ ಮಾಡಿ. ಆಮೇಲೆ ಇನ್ನೊಂದು ಪೇಪರಿಗೆ ತಟ್ಟಿ ತಟ್ಟಿ ಜಾಸ್ತಿ ಇಂಕ್ ತೆಗೆಯಿರಿ. ಪೇಪರ್ ಮೇಲೆ ಒದ್ದೆ ಹೊಳಪು ಬಾರದೆ ಬರೀ ಬಣ್ಣ ಬರುವ ಹಂತಕ್ಕೆ ಬಂದಾಗ ಗಟ್ಟಿಗೆ ಹಚ್ಚಲು ಸರಿ. ನಮ್ಮಪ್ಪ ಡಬ್ಬಿಯ ಅಂಚಿಗೆ ಬ್ರಶ್ ಒರೆಸುತ್ತಿದ್ದದ್ದು ಇದೇ ಕಾರಣಕ್ಕೆ. ಬಾಟಲಿಯನ್ನು ಹಿಂಡಬೇಡಿ.

ಹಚ್ಚುವಾಗ ಅಚ್ಚಿನ ಅಂಚಿನಿಂದ ಒಳಗಡೆಗೆ ಬನ್ನಿ. ಒಳಗಿನಿಂದ ಅಂಚಿಗೆ ಎಳೆದರೆ ಸ್ಪಂಜು ಅಂಚಿಗೆ ಸಿಕ್ಕಿ ಇಂಕ್ ಹಿಂಡಿಕೊಳ್ಳುತ್ತದೆ, ಅಚ್ಚಿನ ಕೆಳಗೆ ಹೋಗುತ್ತದೆ. ಮೊದಲು ಮೇನ್ ಎಳೆಗಳ ಉದ್ದಕ್ಕೆ ಹಗುರಾಗಿ ಒಂದು ಸಲ, ಆಮೇಲೆ ಕ್ರಾಸ್‌ಗಳ ಉದ್ದಕ್ಕೆ ಒಂದು ಸಲ. ಸ್ಪಂಜು ಎಳೆಯ ಬೆನ್ನಿಗೆ ಮಾತ್ರ ತಾಗಲಿ, ಸಂದಿಗೆ ತುರುಕಬೇಡಿ. ಮೊದಲ ಪದರ ಮಸುಕಾಗಿ, ಅರೆಬರೆ ಕಾಣುತ್ತದೆ. ಹಾಗೇ ಕಾಣಬೇಕು. ಅದನ್ನು ನೋಡಿ ಗಾಬರಿಯಾಗಿ ಮತ್ತೆ ಮತ್ತೆ ತಿಕ್ಕುವುದರಿಂದಲೇ ಕೆಲಸ ಕೆಡುವುದು. ಐದು ನಿಮಿಷ ಬಿಟ್ಟು ಎರಡನೇ ಪದರ ಕೊಡಿ. ಕಪ್ಪಾದರೆ ಎರಡು ಪದರಕ್ಕೆ ತುಂಬಿ ಬರುತ್ತದೆ.

ಮುಗಿದ ಮೇಲೆ ಅಚ್ಚನ್ನು ನೇರ ಮೇಲಕ್ಕೆ ಎತ್ತಿ, ಪಕ್ಕಕ್ಕೆ ಎಳೆಯಬೇಡಿ. ಸಂದಿಗಳನ್ನು ಬೆಳಕಿಗೆ ಹಿಡಿದು ನೋಡಿ. ಎಲ್ಲಾದರೂ ಹನಿ ನಿಂತಿದ್ದರೆ ಟೂತ್‌ಪಿಕ್ಕಿನ ತುದಿಗೆ ಹತ್ತಿ ಸುತ್ತಿ ಹೀರಿ ತೆಗೆಯಿರಿ. ಹಸಿ ಇದ್ದಾಗ ಇದು ಕ್ಷಣದ ಕೆಲಸ.

ಇನ್ನೊಂದು ಕಡೆ

ಬ್ಯಾಟ್ ತಿರುಗಿಸುವ ಮೊದಲು ಹತ್ತು ನಿಮಿಷ ಕಾಯಿರಿ. ಅಚ್ಚಿನ ಎರಡೂ ಮೈ ಒರೆಸಿ. ಇಲ್ಲಿ ಆಕಾರ ನೋಡಿ ಕೆಲಸ ಮಾಡಬೇಕು. ಡಬ್ಲ್ಯೂ ಎಡ ಬಲ ಒಂದೇ ಥರ. ಹಿಂದಿನಿಂದ ನೋಡಿದರೂ ಡಬ್ಲ್ಯೂ. ಹಾಗಾಗಿ ಎರಡನೇ ಕಡೆ ಅಚ್ಚನ್ನು ಮೊದಲ ಗುರುತಿನ ಮೇಲೆ ಸರಿಯಾಗಿ ಕೂರಿಸಿ, ಎಳೆಯ ಪಕ್ಕಗಳಿಗೂ ಸ್ವಲ್ಪ ಬಣ್ಣ ಹೋದರೆ ಪರವಾಗಿಲ್ಲ. ಇನ್ನೂ ತುಂಬಿಕೊಂಡು ಕಾಣುತ್ತದೆ.

ಕನ್ನಡದ 'ಗ', 'ಕ', 'ಸ' ಹಾಗಲ್ಲ. ಎರಡೂ ಕಡೆ ಓದಲು ಬರಬೇಕೆಂದರೆ ಅಚ್ಚಿನ ಅದೇ ಮುಖ ಮೇಲಿರಬೇಕು. ಆಗ ಹಿಂದಿನ ಅಕ್ಷರ ಮತ್ತು ಮುಂದಿನ ಅಕ್ಷರ ಒಂದರ ಮೇಲೊಂದು ಕೂರುವುದಿಲ್ಲ. ಎಳೆಯ ಪಕ್ಕಕ್ಕೆ ಇಳಿದ ಇಂಕ್ ಇನ್ನೊಂದು ಕಡೆಯಿಂದ ಇಣುಕಿ ಅಕ್ಷರ ಕಲಸಿದಂತೆ ಕಾಣುತ್ತದೆ. ಇಂಥ ಅಕ್ಷರಗಳಿಗೆ ಇಂಕ್ ಇನ್ನೂ ಒಣಗಿಸಿ, ಎಳೆಯ ಮೇಲ್ಭಾಗಕ್ಕೆ ಮಾತ್ರ ತಾಗಿಸಿ. ಪುರುಸೊತ್ತಿಲ್ಲದಿದ್ದರೆ ಒಂದೇ ಕಡೆ ಹೊಡೆಯಿರಿ, ಅದೂ ಚಂದವೇ.

ಕೈಗೆ ಅಂಟದಂತೆ ಆದ ಮಾತ್ರಕ್ಕೆ ಆರಿತು ಎಂದುಕೊಳ್ಳಬೇಡಿ. ಸಂಜೆ ಹೊಡೆದು ಬೆಳಿಗ್ಗೆ ಕೊಡುವುದು ನನ್ನ ಪದ್ಧತಿ. ಅವಸರದಲ್ಲಿ ಕವರಿಗೆ ಹಾಕಿಕೊಂಡು ಹೋದವರ ಕವರಿನ ಒಳಗೇ ಗುರುತು ಮೂಡಿರುತ್ತದೆ. ಹೊಸ ಚೆಂಡಿಗೂ ಮೆತ್ತುತ್ತದೆ, ಎದುರಾಳಿಗೆ ಕಿರಿಕಿರಿ.

ನಮ್ಮೂರ ಬಿಸಿಲು, ಧೂಳು, ಮಳೆ

ಬಾಟಲಿಯ ಮೇಲೆ ಬರೆದ ಆರುವ ಸಮಯ ನಮ್ಮ ಏಪ್ರಿಲ್, ಮೇ ತಿಂಗಳಿಗೆ ಹೊಂದುವುದಿಲ್ಲ. ಕಲಬುರಗಿಯಲ್ಲಿ 42 ಡಿಗ್ರಿ ದಾಟುವುದು ಆ ದಿನಗಳಲ್ಲಿ ಮಾಮೂಲು. ಮಧ್ಯಾಹ್ನ ಹೊಡೆಯಲು ಕೂತರೆ ಇಂಕ್ ಸ್ಪಂಜಿನ ಮೇಲೆಯೇ ಆರಿ ಅಂಟಂಟಾಗುತ್ತದೆ. ಗಟ್ಟಿಗೆ ಹಿಡಿಯದೆ ಎಳೆ ಎಳೆಯಾಗಿ ಎದ್ದು ಬರುತ್ತದೆ. ಬೇಸಿಗೆಯಲ್ಲಿ ಈ ಕೆಲಸ ಬೆಳಿಗ್ಗೆ ಎಂಟರೊಳಗೆ ಮುಗಿಸಿ. ಫ್ಯಾನ್ ಬಂದ್ ಮಾಡಿ. ಕಿಟಕಿ ತೆರೆದಿರಲಿ, ಏಕೆಂದರೆ ವಾಸನೆ ಹೊರಗೆ ಹೋಗಬೇಕು. ಆದರೆ ಗಾಳಿ ನೇರ ಬ್ಯಾಟಿಗೆ ಬೀಸಬಾರದು. ಹಸಿ ಇಂಕಿಗೆ ನಮ್ಮ ಧೂಳು ಕೂತರೆ ಗುರುತು ಒರಟಾಗುತ್ತದೆ, ಒರಟಾದದ್ದು ಬೇಗ ಸವೆಯುತ್ತದೆ.

ಜುಲೈ, ಆಗಸ್ಟಿನ ಮಳೆಯಲ್ಲಿ ಬೇರೆ ತೊಂದರೆ. ಬೇಗ ಹಾರುವ ದ್ರಾವಕ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ, ಗಾಳಿಯ ತೇವ ಅಲ್ಲಿ ಬಂದು ಕೂರುತ್ತದೆ. ಕಪ್ಪು ಇಂಕ್ ಬೂದಿ ಹಚ್ಚಿದಂತೆ ಬೆಳ್ಳಗಾಗುತ್ತದೆ. ಮಳೆ ಸುರಿಯುವ ಹೊತ್ತಿನಲ್ಲಿ ಹೊಡೆಯಬೇಡಿ, ಸ್ವಲ್ಪ ಬಿಸಿಲು ಬಂದ ಮೇಲೆ ಹೊಡೆಯಿರಿ, ಪದರಗಳ ನಡುವೆ ಜಾಸ್ತಿ ಹೊತ್ತು ಬಿಡಿ.

ಈ ಇಂಕಿಗೂ ಸ್ಪಿರಿಟ್ಟಿಗೂ ಬೇಗ ಬೆಂಕಿ ಹಿಡಿಯುತ್ತದೆ. ಅಡುಗೆ ಮನೆಯಲ್ಲಿ ಬೇಡ, ದೇವರ ದೀಪದ ಹತ್ತಿರ ಬೇಡ, ಬೀಡಿ ಸಿಗರೇಟು ಸೇದುವವರನ್ನು ಹೊರಗೆ ಕೂರಿಸಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಾಟಲಿ ಬಿಡಲೇಬೇಡಿ. ಚಿಕ್ಕ ಮಕ್ಕಳ ಕೈಗೆ ಸಿಗದ ಕಡೆ ಇಡಿ.

ತೆಗೆಯುವುದು, ಮತ್ತೆ ಹಚ್ಚುವುದು

ಫ್ರೇಮಿಗೆ ಇಂಕ್ ತಾಗಿದರೆ ಆ ಕ್ಷಣವೇ ಒಣ ಬಟ್ಟೆಯಿಂದ ಒರೆಸಿ, ಬಹುತೇಕ ಹೋಗುತ್ತದೆ. ಉಳಿದದ್ದಕ್ಕೆ ಐಸೊಪ್ರೊಪೈಲ್. ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಗಟ್ ಮೇಲಿನ ಹಳೆ ಗುರುತು ತೆಗೆಯಲು ಬಲವಾದದ್ದು, ಆದರೆ ಫ್ರೇಮಿನ ಬಣ್ಣವನ್ನೂ ಕಿತ್ತು ತೆಗೆಯುತ್ತದೆ. ನೈಲಾನ್, ಪಾಲಿ ಗಟ್ ಮೇಲೆ ಮಾತ್ರ, ಹತ್ತಿಗೆ ಎರಡು ಹನಿ ಹಾಕಿ, ಎಳೆ ಎಳೆಯಾಗಿ ಒರೆಸಿ. ಅಸಿಟೋನನ್ನು ಥರ್ಮೋಕೋಲ್ ಲೋಟದಲ್ಲಿ ಹಾಕಬೇಡಿ, ಲೋಟವೇ ಕರಗಿ ಮೇಜಿಗೆ ಹರಿಯುತ್ತದೆ. ಸ್ಟೀಲ್ ಬಟ್ಟಲು ಒಳ್ಳೆಯದು.

ಗುರುತು ಮೊದಲು ಸವೆಯುವುದು ಚೆಂಡು ಜಾಸ್ತಿ ಬೀಳುವ ನಡುಭಾಗದಲ್ಲಿ. ಅಲ್ಲಿ ಮಾತ್ರ ಮತ್ತೆ ಹಚ್ಚಬಹುದು. ಅಚ್ಚನ್ನು ಹಳೆಯ ಗುರುತಿಗೆ ಸರಿಯಾಗಿ ಹೊಂದಿಸಿ, ಒಂದೇ ತೆಳು ಪದರ. ಇಡೀ ಅಕ್ಷರದ ಮೇಲೆ ಪದರದ ಮೇಲೆ ಪದರ ಪೇರಿಸುತ್ತಾ ಹೋದರೆ ಮತ್ತೆ ಅದೇ ಸಂದಿ ಅಂಟಿನ ಕಥೆ. ಪಾಲಿ ಗಟ್ ಬಳಸುವವರಿಗೆ ನಾನು ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ: ಗುರುತು ಹೋದರೆ ಹೋಗಲಿ, ಮುಂದಿನ ಗಟ್ಟಿಂಗಿಗೆ ಹೊಸದಾಗಿ ಹೊಡೆಯೋಣ.

ಶಟಲ್ ಬ್ಯಾಟಿಗೂ ಇದೇ ಕ್ರಮ. ಅಲ್ಲಿ ಗಟ್ ಬಹಳ ತೆಳು. ಯೋನೆಕ್ಸ್ ಬಿಜಿ 65 ಅಂದರೆ 0.70 ಮಿಲಿಮೀಟರ್, ಟೆನಿಸ್ಸಿನದು 1.20ರಿಂದ 1.35ರ ಆಸುಪಾಸು. ಇಂಕ್ ಇನ್ನೂ ಕಮ್ಮಿ, ಕೈ ಇನ್ನೂ ಹಗುರ ಬೇಕು. ಎಳೆಗಳು ಹತ್ತಿರ ಹತ್ತಿರ ಇರುವುದರಿಂದ ಗೆರೆ ಸ್ವಲ್ಪ ತೆಳುವಾದರೂ ಕಾಣುತ್ತದೆ.

ಕೆಲಸ ಮುಗಿದ ಮೇಲೆ ಸ್ಪಂಜನ್ನು ಪೇಪರಿಗೆ ಒತ್ತಿ ಖಾಲಿ ಮಾಡಿ, ಬಾಟಲಿಯ ಬಾಯಿಯ ಸುತ್ತ ಒರೆಸಿ, ಮುಚ್ಚಳ ತಿರುಗಿಸಿ ಗಟ್ಟಿ ಮಾಡಿ, ನಿಲ್ಲಿಸಿ ಇಡಿ. ಬಾಯಿಯಲ್ಲಿ ಇಂಕ್ ಆರಿ ಕೂತರೆ ಮುಚ್ಚಳ ಪೂರ್ತಿ ಕೂರುವುದಿಲ್ಲ, ಬೇಸಿಗೆಯಲ್ಲಿ ಒಳಗಿನ ದ್ರಾವಕ ಹಾರಿ ಇಂಕ್ ಗಟ್ಟಿಯಾಗುತ್ತದೆ. ಗಟ್ಟಿಯಾದ ಇಂಕಿಗೆ ಪೇಂಟ್ ಅಂಗಡಿಯ ಥಿನ್ನರ್ ಸುರಿದು ಎಳೆದಾಡಬೇಡಿ, ಹಿಡಿಸುವ ಗುಣ ಹೋಗುತ್ತದೆ. ಹೊಸ ಬಾಟಲಿ ತನ್ನಿ. ಅಚ್ಚುಗಳನ್ನು ಸ್ಪಿರಿಟ್ಟಿನಿಂದ ಒರೆಸಿ, ಹಳೆಯ ಪುಸ್ತಕದ ಹಾಳೆಗಳ ನಡುವೆ ಚಪ್ಪಟೆಯಾಗಿ ಇಡಿ. ಅಂಚು ಬಾಗಿದ ಅಚ್ಚು ಗಟ್ ಮೇಲೆ ಸರಿಯಾಗಿ ಕೂರುವುದಿಲ್ಲ, ಅಂಥದ್ದನ್ನು ಎಸೆದು ಹೊಸದು ಕತ್ತರಿಸಿಕೊಳ್ಳಿ.